ಓದುಗರ ಪ್ರಶ್ನೆಗಳು: ಎರಡು ಸಲ ನೋಟು ಬದಲಿಸಿದ ಜನರಲ್

ನೈಜೀರಿಯಾದ ಮಾಜಿ ಅಧ್ಯಕ್ಷ ಮುಹಮ್ಮದು ಬುಹಾರಿ 2025ರ ಜುಲೈ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ವಯಸ್ಸು 82. ಎರಡು ದಿನ ಕಳೆದು ಹುಟ್ಟೂರು ದೌರಾದಲ್ಲಿ ಮಣ್ಣು ಮಾಡಿದರು. ಬಂದೂಕಿನ ಬಲದಿಂದ ಒಮ್ಮೆ, ಮತದ ಬಲದಿಂದ ಎರಡು ಸಲ ದೇಶದ ಚುಕ್ಕಾಣಿ ಹಿಡಿದ ಈ ಮೇಜರ್ ಜನರಲ್ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಆಫ್ರಿಕಾದ ಸಂಗತಿಗೆ ಮಲೆನಾಡಿನಲ್ಲಿ ಯಾರು ಕಿವಿಗೊಡುತ್ತಾರೆ ಎಂಬ ನಮ್ಮ ಅನುಮಾನ ಸುಳ್ಳಾಯಿತು. ನೋಟು, ಅಡಿಕೆ, ಮಿಲಿಟರಿ, ಈ ಮೂರರಲ್ಲಿ ಒಂದರ ವಾಸನೆ ಬಡಿದರೂ ನಮ್ಮ ಓದುಗರು ಬಿಡುವವರಲ್ಲ. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಪ್ರ: ಒಂದು ಕಡೆ ಸರ್ವಾಧಿಕಾರಿ ಅನ್ನುತ್ತಾರೆ, ಇನ್ನೊಂದು ಕಡೆ ಪ್ರಜಾಪ್ರಭುತ್ವದ ಗೆಲುವು ಅನ್ನುತ್ತಾರೆ. ಬುಹಾರಿ ಒಬ್ಬರೋ ಇಬ್ಬರೋ? ಇಸವಿ ಸಮೇತ ತಿಳಿಸಿ, ಪರೀಕ್ಷೆ ಹತ್ತಿರ ಬಂತು.
(ಪದವಿ ವಿದ್ಯಾರ್ಥಿನಿ, ಸಾಗರ)

ಉ: ಇಬ್ಬರು ಎಂಬ ಪುಕಾರು ನೈಜೀರಿಯಾದಲ್ಲೇ ಹಬ್ಬಿತ್ತಮ್ಮ. 2017ರಲ್ಲಿ ಚಿಕಿತ್ಸೆಗೆಂದು ಲಂಡನ್ನಿಗೆ ಹೋದವರು ಮೇ 7ರಿಂದ ಆಗಸ್ಟ್ 19ರವರೆಗೆ ವಾಪಸು ಬರಲಿಲ್ಲ. ಅಸಲಿ ಮನುಷ್ಯ ಸತ್ತುಹೋಗಿ, ಸುಡಾನಿನ ಜಿಬ್ರೀಲ್ ಎಂಬ ತದ್ರೂಪಿಯನ್ನು ತಂದು ಕೂರಿಸಿದ್ದಾರೆ ಎಂದು ಜನ ನಂಬಿದರು. 2018ರ ಡಿಸೆಂಬರಿನಲ್ಲಿ ಪೋಲೆಂಡಿನಲ್ಲಿ ಅಧ್ಯಕ್ಷರೇ ನಾನು ನಾನೇ ಎಂದು ಸ್ಪಷ್ಟನೆ ಕೊಡಬೇಕಾಯಿತು.

ಪರೀಕ್ಷೆಗೆ ಇಷ್ಟು ಸಾಕು. ಹುಟ್ಟಿದ್ದು 1942ರ ಡಿಸೆಂಬರ್ 17, ಉತ್ತರದ ದೌರಾದಲ್ಲಿ, ಫುಲಾನಿ ಜನಾಂಗದ ಮನೆತನ. 1962ರಲ್ಲಿ ಕಡೂನಾದ ಸೈನಿಕ ತರಬೇತಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಆಲ್ಡರ್‌ಶಾಟ್, 1963ರಲ್ಲಿ ಸೆಕೆಂಡ್ ಲೆಫ್ಟಿನೆಂಟ್. 1967ರಿಂದ 70ರವರೆಗಿನ ಬಿಯಾಫ್ರಾ ಯುದ್ಧದಲ್ಲಿ (ಪೂರ್ವ ಭಾಗ ಬೇರೆ ದೇಶವಾಗಲು ಹೊರಟಾಗಿನ ಅಂತರ್ಯುದ್ಧ) ಸರ್ಕಾರದ ಕಡೆ ಹೋರಾಟ. 1975ರಲ್ಲಿ ಈಶಾನ್ಯ ರಾಜ್ಯದ ಗವರ್ನರ್. ಆಗ ವಯಸ್ಸು 32. ಆ ಒಂದು ರಾಜ್ಯ ಇವತ್ತು ಆರು ರಾಜ್ಯಗಳಾಗಿದೆ. 1976ರಿಂದ 78ರವರೆಗೆ ಪೆಟ್ರೋಲಿಯಂ ಖಾತೆ. ಸರ್ಕಾರಿ ತೈಲ ಕಂಪನಿ ಎನ್‌ಎನ್‌ಪಿಸಿ 1977ರಲ್ಲಿ ಹುಟ್ಟಿದ್ದು ಇವರ ಕೈಕೆಳಗೆ. 1983ರ ಡಿಸೆಂಬರ್ 31ರ ದಂಗೆಯಲ್ಲಿ ಚುನಾಯಿತ ಅಧ್ಯಕ್ಷ ಶೆಹು ಶಗಾರಿ ಹೋಗಿ ಇವರು ಬಂದರು. ಇಪ್ಪತ್ತು ತಿಂಗಳಿಗೆ, 1985ರ ಆಗಸ್ಟ್ 27ರಂದು, ಇನ್ನೊಬ್ಬ ಜನರಲ್ ಇಬ್ರಾಹಿಂ ಬಾಬಾಂಗಿದಾ ಇವರನ್ನೇ ಇಳಿಸಿ 1988ರ ಕೊನೆಯವರೆಗೆ ಬಂಧನದಲ್ಲಿಟ್ಟರು. 2003, 2007, 2011ರ ಅಧ್ಯಕ್ಷ ಚುನಾವಣೆಗಳಲ್ಲಿ ಸೋಲು. 2015, 2019ರಲ್ಲಿ ಗೆಲುವು. 2023ರ ಮೇ 29ರಂದು ಬೋಲಾ ಟಿನುಬು ಅವರಿಗೆ ಅಧಿಕಾರ ಕೊಟ್ಟು ದೌರಾಕ್ಕೆ ಹೊರಟರು.

ಪ್ರ: ಇವರು ನಮ್ಮ ವೆಲ್ಲಿಂಗ್ಟನ್ನಿನಲ್ಲಿ ಕೋರ್ಸ್ ಮಾಡಿದವರು ಎಂದು ಕೇಳಿದ್ದೇನೆ. ನಿಜವೇ? ಅದೇ ಪಾಠ ಕಲಿತ ನಮ್ಮ ಅಧಿಕಾರಿಗಳು ದಂಗೆ ಏಳಲಿಲ್ಲ, ಅವರು ಎದ್ದರು. ಯಾಕೆ?
(ನಿವೃತ್ತ ಸುಬೇದಾರ್, ಶಿಕಾರಿಪುರ)

ಉ: ನಿಜ. 1973ರಲ್ಲಿ ನೀಲಗಿರಿಯ ವೆಲ್ಲಿಂಗ್ಟನ್ ಸ್ಟಾಫ್ ಕಾಲೇಜಿನಲ್ಲಿ ಬುಹಾರಿ ಕಲಿತರು. ಊಟಿಯಿಂದ ಕೂನೂರಿಗೆ ಇಳಿಯುವ ದಾರಿಯಲ್ಲಿ ಸಿಗುವ ಕಾಲೇಜು ಅದೇ. ಇವರೊಬ್ಬರೇ ಅಲ್ಲ. ಮುಂದೆ ಅಧ್ಯಕ್ಷರಾದ ಒಲುಸೆಗುನ್ ಒಬಸಾಂಜೊ 1965ರಲ್ಲಿ ಅಲ್ಲಿಗೂ ಪುಣೆಯ ಸೇನಾ ಎಂಜಿನಿಯರಿಂಗ್ ಕಾಲೇಜಿಗೂ ಬಂದಿದ್ದರು. ಬಾಬಾಂಗಿದಾ ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿದ್ದರು. ಕಡೂನಾದಲ್ಲಿ 1964ರಲ್ಲಿ ನೈಜೀರಿಯಾದ ರಕ್ಷಣಾ ಅಕಾಡೆಮಿ ತೆರೆದಾಗ ಮೊದಲ ಕಮಾಂಡಂಟ್ ಆಗಿದ್ದವರು ಭಾರತದ ಬ್ರಿಗೇಡಿಯರ್. ಬುಹಾರಿಯನ್ನು 1985ರಲ್ಲಿ ಕೆಳಗಿಳಿಸಿದ್ದು ಬಾಬಾಂಗಿದಾ, 2003ರ ಚುನಾವಣೆಯಲ್ಲಿ ಸೋಲಿಸಿದ್ದು ಒಬಸಾಂಜೊ. ಮೂವರೂ ನಮ್ಮ ಮೆಸ್ಸಿನ ಊಟ ಉಂಡವರು.

ದಂಗೆಗೂ ಪಾಠಕ್ಕೂ ಸಂಬಂಧ ಕಡಿಮೆ, ಸುಬೇದಾರರೇ. 1966ರಲ್ಲಿ ನೈಜೀರಿಯಾದ ಸೇನೆ ಸುಮಾರು 10 ಸಾವಿರ ಜನರದ್ದು. ಅಷ್ಟು ಸಣ್ಣ ಸೇನೆಯಲ್ಲಿ ಮಧ್ಯಮ ಹಂತದ ಅಧಿಕಾರಿಗಳಲ್ಲಿ ಪೂರ್ವದ ಇಗ್ಬೊ ಜನಾಂಗದವರು ಹೆಚ್ಚು, ಜವಾನರಲ್ಲಿ ಉತ್ತರದವರು ಹೆಚ್ಚು. ಆ ವರ್ಷ ಜನವರಿ 15ರಂದು ಮೇಜರ್ ದರ್ಜೆಯ ಕೆಲವರು, ಹೆಚ್ಚಿನವರು ಇಗ್ಬೊಗಳು, ಪ್ರಧಾನಿ ಅಬೂಬಕರ್ ತಫಾವಾ ಬಲೇವಾ ಅವರನ್ನೂ ಉತ್ತರದ ಪ್ರೀಮಿಯರ್ ಅಹ್ಮದು ಬೆಲ್ಲೊ ಅವರನ್ನೂ ಕೊಂದರು. ಜುಲೈನಲ್ಲಿ ಉತ್ತರದ ಅಧಿಕಾರಿಗಳು ಸೇಡು ತೀರಿಸಿಕೊಂಡರು. ಅವರಲ್ಲಿ ಲೆಫ್ಟಿನೆಂಟ್ ಬುಹಾರಿಯೂ ಒಬ್ಬರು. ಮರುವರ್ಷ ಯುದ್ಧ. ಯುದ್ಧ ಮುಗಿಯುವಾಗ ಸೇನೆ ಎರಡೂವರೆ ಲಕ್ಷಕ್ಕೆ ಮುಟ್ಟಿತ್ತು. ಆಮೇಲೆ ಎಣ್ಣೆ ದುಡ್ಡು ಬಂತು. ಪ್ರತಿ ರಾಜ್ಯದ ಗವರ್ನರ್ ಕುರ್ಚಿಯಲ್ಲೂ ಸಮವಸ್ತ್ರದವರೇ. ಕರ್ನಲ್ ಆಗಿದ್ದಾಗಲೇ ಒಂದು ರಾಜ್ಯದ ಖಜಾನೆ ಕೈಗೆ ಸಿಗುವುದಾದರೆ, ಬ್ಯಾರಕ್ಕಿನಲ್ಲಿ ಕೂತು ಪರೇಡಿನ ಲೆಕ್ಕ ಬರೆಯುವುದಕ್ಕೆ ಯಾರಿಗೆ ಮನಸ್ಸು ಬಂದೀತು?

ದಂಗೆಯ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ ಮಾದರಿಯದು. ರಾಜಧಾನಿಯ ದಂಡು, ರೇಡಿಯೊ ಕೇಂದ್ರ, ಮುಖ್ಯಸ್ಥನ ಮನೆ, ಈ ಮೂರನ್ನು ಒಂದೇ ರಾತ್ರಿಯಲ್ಲಿ ಹಿಡಿಯಬೇಕು. ಬೆಳಗಾಗುವಾಗ ಬ್ಯಾಂಡ್ ಸಂಗೀತ ಹಾಕಿ ಘೋಷಣೆ ಓದಬೇಕು. 1983ರಲ್ಲಿ ರೇಡಿಯೊದಲ್ಲಿ ಓದಿದ್ದು ಬ್ರಿಗೇಡಿಯರ್ ಸಾನಿ ಅಬಾಚಾ, ಮುಂದೆ ತಾನೇ ಸರ್ವಾಧಿಕಾರಿಯಾದ ಮನುಷ್ಯ. ಎಡವಿದ್ದು ಮೂರನೆಯ ಜಾಗದಲ್ಲಿ. ಶಗಾರಿಯನ್ನು ಹಿಡಿಯಲು ಅಬೂಜಾಕ್ಕೆ ಹೋದ ಬ್ರಿಗೇಡಿಯರ್ ಇಬ್ರಾಹಿಂ ಬಾಕೊ ಕಾವಲುಗಾರರ ಗುಂಡಿಗೆ ಬಲಿಯಾದರು. ಬುಹಾರಿ ಆಗ ಜೋಸ್‌ನಲ್ಲಿ ಮೂರನೇ ಆರ್ಮರ್ಡ್ ಡಿವಿಜನ್ನಿನ ಮುಖ್ಯಸ್ಥರು. ಅದೇ ವರ್ಷ ಚಾಡ್ ಸರೋವರದ ದ್ವೀಪಗಳಿಗೆ ನುಗ್ಗಿದ್ದ ಚಾಡ್ ಪಡೆಗಳನ್ನು ಅಟ್ಟಿಕೊಂಡು ಗಡಿ ದಾಟಿ ಹೋಗಿ, ಶಗಾರಿಯಿಂದ ವಾಪಸು ಕರೆಸಿಕೊಂಡಿದ್ದರು. ಹಿರಿತನವೂ ಕೈ ಶುದ್ಧ ಎಂಬ ಹೆಸರೂ ಇದ್ದುದರಿಂದ ಪಟ್ಟ ಇವರಿಗೆ ಬಂತು.

ಈ ಚಾಳಿ ನಿಂತದ್ದು 1999ರಲ್ಲಿ. ಚುನಾಯಿತರಾಗಿ ಬಂದ ಒಬಸಾಂಜೊ ಕೆಲವೇ ದಿನಗಳಲ್ಲಿ 93 ಅಧಿಕಾರಿಗಳನ್ನು ಒಂದೇ ಏಟಿಗೆ ನಿವೃತ್ತಿಗೊಳಿಸಿದರು. ಆಯ್ಕೆಯ ಮಾನದಂಡ ಒಂದೇ: ಸೈನಿಕ ಸರ್ಕಾರದಲ್ಲಿ ರಾಜಕೀಯ ಹುದ್ದೆಯ ರುಚಿ ನೋಡಿದವರು. ದಂಗೆಯ ಮನೆಯಲ್ಲೇ ಬೆಳೆದವರಿಗೆ ಅದರ ಹಿಂಬಾಗಿಲು ಎಲ್ಲಿದೆ ಎಂದು ಗೊತ್ತಿರುತ್ತದೆ.

ಪ್ರ: ನಮ್ಮ 2016ರ ನೋಟು ರದ್ದತಿಯ ಹಾಗೆ ಬುಹಾರಿಯೂ ಮಾಡಿದ್ದರಂತೆ. ಅಲ್ಲಿ ಏನಾಯಿತು?
(ಪತ್ತಿನ ಸಹಕಾರ ಸಂಘದ ಸಿಬ್ಬಂದಿ, ತೀರ್ಥಹಳ್ಳಿ)

ಉ: ಒಂದಲ್ಲ, ಎರಡು ಸಲ ಮಾಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಈ ಮನುಷ್ಯನ ಇಡೀ ಬದುಕು ಅರ್ಥವಾಗುತ್ತದೆ.

ಮೊದಲ ಸಲ 1984ರ ಏಪ್ರಿಲ್. ಕಾರಣ ಕೊಟ್ಟದ್ದು ದೇಶದ ಹೊರಗೆ ಸಾಗಿಹೋದ ನೈರಾ (ಅಲ್ಲಿನ ರೂಪಾಯಿ; ಅದರ ಪೈಸೆ ಕೋಬೊ) ವಾಪಸು ಬರದಂತೆ ಮಾಡುವುದು. 50 ಕೋಬೊ ನೋಟು ಒಂದನ್ನು ಬಿಟ್ಟು ಎಲ್ಲ ನೋಟುಗಳ ಬಣ್ಣ ಬದಲಾಯಿತು. ಗಡಿ ಮುಚ್ಚಿದರು. ಹಳೆಯದನ್ನು ಕೊಟ್ಟು ಹೊಸದು ಪಡೆಯಲು ಸಿಕ್ಕ ಸಮಯ ಎರಡು ವಾರಕ್ಕೂ ಕಡಿಮೆ. ಬ್ಯಾಂಕೇ ಇಲ್ಲದ ಹಳ್ಳಿಯವನ ಗತಿ ಏನು ಎಂದು ಕೇಳುವ ಸಂಸತ್ತು ಇರಲಿಲ್ಲ, ತಡೆಯಾಜ್ಞೆ ಕೊಡುವ ಕೋರ್ಟಿಗೆ ಬಾಯಿ ಇರಲಿಲ್ಲ. ಡಿಕ್ರಿ, ಅಂದರೆ ಸೇನಾ ಸರ್ಕಾರದ ಆಜ್ಞೆ, ಹೊರಟಿತೆಂದರೆ ಮುಗಿಯಿತು. ಅಷ್ಟು ಬಿಗಿಯಲ್ಲೂ ಒಂದು ತೂತು ಕಂಡಿತು. ಲಾಗೋಸ್ ವಿಮಾನ ನಿಲ್ದಾಣದಲ್ಲಿ 53 ಸೂಟ್‌ಕೇಸು ತಪಾಸಣೆಯಿಲ್ಲದೆ ಹೊರಗೆ ಹೋದವು ಎಂಬ ದೊಡ್ಡ ಗಲಾಟೆ ಎದ್ದಿತು. ಒಳಗೆ ಏನಿತ್ತು ಎಂಬ ವಾದ ಇವತ್ತಿಗೂ ನಿಂತಿಲ್ಲ. ಆ ನಿಲ್ದಾಣದಲ್ಲಿ ಆಗ ಕಸ್ಟಮ್ಸ್ ಅಧಿಕಾರಿಯಾಗಿದ್ದವರು ಅತೀಕು ಅಬೂಬಕರ್. 2019ರಲ್ಲಿ ಬುಹಾರಿಯ ಎದುರಾಳಿಯಾಗಿ ನಿಂತು ಸೋತವರು ಇವರೇ.

ಎರಡನೆಯದು 2022ರ ಅಕ್ಟೋಬರ್ 26ರಂದು ಘೋಷಣೆಯಾಯಿತು. 200, 500, 1000 ನೈರಾ ನೋಟುಗಳಿಗೆ ಹೊಸ ಬಣ್ಣ. ಕೇಂದ್ರ ಬ್ಯಾಂಕಿನ ಲೆಕ್ಕದಲ್ಲಿ ಚಲಾವಣೆಯಲ್ಲಿದ್ದ ಸುಮಾರು 3.2 ಲಕ್ಷ ಕೋಟಿ ನೈರಾದಲ್ಲಿ 2.7 ಲಕ್ಷ ಕೋಟಿಯಷ್ಟು ಬ್ಯಾಂಕಿನ ತಿಜೋರಿಯ ಹೊರಗಿತ್ತು. ಅದನ್ನು ಒಳಕ್ಕೆ ಎಳೆಯುವುದು, ಮತ ಕೊಳ್ಳುವ ದುಡ್ಡನ್ನು ಒಣಗಿಸುವುದು ಉದ್ದೇಶ. ಗಡುವು 2023ರ ಜನವರಿ 31, ಆಮೇಲೆ ಫೆಬ್ರವರಿ 10. ಅಧ್ಯಕ್ಷ ಚುನಾವಣೆ ಫೆಬ್ರವರಿ 25ಕ್ಕೆ.

ಕೆಟ್ಟದ್ದು ಎಲ್ಲಿ ಎಂದರೆ, ಹಳೆಯ ನೋಟು ಒಳಗೆ ಹೋದ ವೇಗದಲ್ಲಿ ಹೊಸ ನೋಟು ಹೊರಗೆ ಬರಲಿಲ್ಲ. ನೀವು ಸಂಘದ ಕೌಂಟರಿನಲ್ಲಿ ಕೂರುವವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎಟಿಎಂ ಮುಂದೆ ರಾತ್ರಿಯಿಡೀ ಸಾಲು. ಕಾರ್ಡ್ ಉಜ್ಜುವ ಪಿಒಎಸ್ ಯಂತ್ರ ಇಟ್ಟುಕೊಂಡ ಬೀದಿ ಏಜೆಂಟರು ತಮ್ಮಲ್ಲಿದ್ದ ನಗದಿಗೆ ಮನಬಂದಷ್ಟು ಕಮಿಷನ್ ಹಿಡಿದರು, ಅಂದರೆ ನೋಟನ್ನು ನೋಟು ಕೊಟ್ಟೇ ಕೊಳ್ಳುವ ಕಾಲ ಬಂತು. ಎಲ್ಲರೂ ಒಮ್ಮೆಗೇ ಮೊಬೈಲಿಗೆ ಬಿದ್ದುದರಿಂದ ಹಣ ವರ್ಗಾವಣೆಯ ಜಾಲವೂ ಕುಸಿಯಿತು. ಟೊಮೆಟೊ, ಗೆಣಸು ಮಾರುವ ರೈತನಿಗೆ ಕೊಳ್ಳುವವರೇ ಇಲ್ಲ. ನಮ್ಮಲ್ಲಿ 2016ರ ನವೆಂಬರಿನಲ್ಲಿ ಕೊನೆಗೆ ಚೆಕ್ಕು, ಉದ್ರಿ ಅಂತ ಹೇಗೋ ತಳ್ಳಿದೆವು. ಅಲ್ಲಿ ಉದ್ರಿ ಕೊಡುವವನ ಕೈಯೂ ಬರಿದಾಗಿತ್ತು.

ಆದರೆ ಈ ಸಲ ಕೋರ್ಟಿಗೆ ಬಾಯಿ ಇತ್ತು. ಕಡೂನಾ, ಕೋಗಿ, ಜಂಫಾರಾ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಅವು ಬುಹಾರಿಯದೇ ಪಕ್ಷದ ಗವರ್ನರ್‌ಗಳಿದ್ದ ರಾಜ್ಯಗಳು ಎಂಬುದನ್ನು ಗಮನಿಸಿ. ಯಥಾಸ್ಥಿತಿ ಕಾಪಾಡಿ ಎಂದು ಕೋರ್ಟ್ ಹೇಳಿದರೂ ಬುಹಾರಿ ಫೆಬ್ರವರಿ 16ರಂದು ಟಿವಿಯಲ್ಲಿ ಬಂದು, 200ರ ಹಳೆಯ ನೋಟು ಮಾತ್ರ ನಡೆಯುತ್ತದೆ ಎಂದರು. 1984ರ ಧ್ವನಿ ಒಂದು ಕ್ಷಣ ಮತ್ತೆ ಕೇಳಿಸಿತು. ಮಾರ್ಚ್ 3ರಂದು ಕೋರ್ಟ್ ಇಡೀ ಕ್ರಮವನ್ನು ತಳ್ಳಿಹಾಕಿ, ಹಳೆಯ ನೋಟುಗಳು ವರ್ಷದ ಕೊನೆಯವರೆಗೂ ಚಲಾವಣೆಯಲ್ಲಿರಲಿ ಎಂದಿತು. ಡಿಕ್ರಿ ಬರೆದು ಅಭ್ಯಾಸವಾದ ಕೈಗೆ ಹೀಗೆ ತಡೆ ಬಿದ್ದದ್ದನ್ನು ಅವರು ಸಹಿಸಿಕೊಂಡರು. ಅವರ ಲೆಕ್ಕಕ್ಕೆ ಜಮೆಯಾಗುವ ಅಂಶ ಇದು ಎನ್ನುವುದು ನಮ್ಮ ಅಭಿಪ್ರಾಯ.

ಪ್ರ: ಗಡಿ ಮುಚ್ಚಿ ತಮ್ಮ ಭತ್ತದ ಬೆಳೆಗಾರರನ್ನು ಉಳಿಸಿಕೊಂಡರಂತೆ. ಕಳ್ಳದಾರಿಯಲ್ಲಿ ಬರುವ ಹೊರಗಿನ ಅಡಿಕೆಗೂ ಅದೇ ಮದ್ದು ಆಗುವುದಿಲ್ಲವೇ?
(ಅಡಿಕೆ ಬೆಳೆಗಾರರು, ಹೊಸನಗರ)

ಉ: ಮದ್ದಿನ ಹೆಸರು ಕೇಳಿ ಖುಷಿಪಡುವ ಮೊದಲು ರೋಗಿ ಏನಾದ ಎಂದು ನೋಡೋಣ.

ನೈಜೀರಿಯಾದವರು ಉಣ್ಣುವುದು ಹೆಚ್ಚಾಗಿ ನಮ್ಮ ಕುಚ್ಚಲಕ್ಕಿಯ ಜಾತಿಯದು. ಬಂದರಿನ ಮೂಲಕ ಬರುವ ಅಕ್ಕಿಗೆ ಭಾರೀ ಸುಂಕ; ಭೂಗಡಿಯಿಂದ ತರುವುದಕ್ಕೆ 2016ರಿಂದಲೇ ನಿಷೇಧ. ಪಕ್ಕದ ಬೆನಿನ್ ಪುಟ್ಟ ದೇಶ, ಸುಂಕ ಕಡಿಮೆ. ಆದ್ದರಿಂದ ಹಡಗು ಬೆನಿನ್ನಿನ ಕೊಟೊನೂ ಬಂದರಿಗೆ ಬರುತ್ತದೆ, ಅಲ್ಲಿಂದ ಚೀಲಗಳು ರಾತ್ರಿ ಗಡಿ ದಾಟುತ್ತವೆ. ಭಾರತದ ಕುಚ್ಚಲಕ್ಕಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳ ಪಟ್ಟಿಯಲ್ಲಿ ಬೆನಿನ್ ಇರುವುದು ಈ ಕಾರಣಕ್ಕೇ. ಅಂದರೆ ಅಲ್ಲಿ ಕಳ್ಳಮಾಲಿನ ಒಂದು ಪಾಲು ನಮ್ಮ ಗದ್ದೆಯದು. ಅಡಿಕೆಯಲ್ಲಿ ನಾವು ಏಟು ತಿನ್ನುವವರು, ಅಕ್ಕಿಯಲ್ಲಿ ಕೊಡುವವರು.

2015ರ ನವೆಂಬರಿನಲ್ಲಿ ಕೆಬ್ಬಿ ರಾಜ್ಯದಲ್ಲಿ ಬುಹಾರಿ ರೈತಸಾಲದ ಯೋಜನೆ ಶುರುಮಾಡಿದರು: ಕೇಂದ್ರ ಬ್ಯಾಂಕಿನ ದುಡ್ಡಿನಲ್ಲಿ ಬೀಜ, ಗೊಬ್ಬರ, ಬೆಳೆದ ಭತ್ತವನ್ನು ಗೊತ್ತುಮಾಡಿದ ಗಿರಣಿಗೆ ಕೊಟ್ಟು ಸಾಲ ತೀರಿಸುವುದು. ಇಷ್ಟು ಸರಿ. 2019ರ ಆಗಸ್ಟಿನಲ್ಲಿ ಭೂಗಡಿಯನ್ನೇ ಮುಚ್ಚಿದರು. ಅಕ್ಕಿ ಒಳಗೆ ಬರಬಾರದು, ಸರ್ಕಾರದ ಸಹಾಯಧನದ ಅಗ್ಗದ ಪೆಟ್ರೋಲು ಹೊರಗೆ ಹೋಗಬಾರದು. ಗಡಿಯಿಂದ 20 ಕಿ.ಮೀ. ಒಳಗಿನ ಬಂಕುಗಳಿಗೆ ಇಂಧನ ಪೂರೈಕೆಯನ್ನೂ ನಿಲ್ಲಿಸಿದರು. ಹದಿನಾರು ತಿಂಗಳ ಮೇಲೆ, 2020ರ ಡಿಸೆಂಬರಿನಲ್ಲಿ, ನಾಲ್ಕು ಗಡಿಗಳನ್ನು ಮತ್ತೆ ತೆರೆದರು.

ನಡುವೆ ಆದದ್ದು ಇಷ್ಟು. ಗದ್ದೆಯಿದ್ದವನಿಗೆ, ಗಿರಣಿಯವನಿಗೆ ಒಂದೆರಡು ಹಂಗಾಮು ಒಳ್ಳೆಯ ಧಾರಣೆ ಸಿಕ್ಕಿತು, ಸುಳ್ಳಲ್ಲ. ಆದರೆ ಊರಿನ ಬೆಳೆ ಊರಿಗೆ ಸಾಲದೆ ಪೇಟೆಯಲ್ಲಿ ಅಕ್ಕಿ ತುಟ್ಟಿಯಾಯಿತು. ಒಟ್ಟು ಹಣದುಬ್ಬರ ಗಡಿ ಮುಚ್ಚಿದಾಗ ಶೇ 11ರಷ್ಟಿದ್ದದ್ದು ತೆರೆಯುವ ಹೊತ್ತಿಗೆ ಶೇ 15ರ ಹತ್ತಿರ ಬಂದಿತ್ತು. ಅದರಲ್ಲಿ ಕೊರೊನಾದ ಪಾಲೂ ಇದೆ ಎನ್ನಿ. ಬೆನಿನ್ ಜೊತೆಗಿನ ಗಡಿಯೇ 700 ಕಿ.ಮೀ.ಗೂ ಉದ್ದ, ನಾಕಾ ಇರುವುದು ಹೆದ್ದಾರಿಯಲ್ಲಿ, ಅಕ್ಕಿ ಹೋಗುವುದು ಪೊದೆಯ ನಡುವೆ ಬೈಕಿನ ಮೇಲೆ. ಘಾನಾಕ್ಕೆ ಲಾರಿಯಲ್ಲಿ ಸರಕು ಕಳಿಸುತ್ತಿದ್ದ ನೈಜೀರಿಯಾದ್ದೇ ಕಾರ್ಖಾನೆಗಳ ಮಾಲು ಬೆನಿನ್ ದಾರಿಯ ಸೆಮೆ ಗಡಿಯಲ್ಲಿ ಕೊಳೆಯಿತು. ಸಾಲದ ಯೋಜನೆಯಲ್ಲಿ ತುಂಬ ಸಾಲ ವಾಪಸು ಬರಲೇ ಇಲ್ಲ. ಭತ್ತ ಬೆಳೆಯುವ ವಾಯವ್ಯ ಭಾಗದಲ್ಲಿ ಡಕಾಯಿತರ ಕಾಟಕ್ಕೆ ರೈತರು ಗದ್ದೆಗೇ ಇಳಿಯದಾದರು.

ಇದೇ ಗಡಿಯನ್ನು 1984ರಲ್ಲೂ ಮುಚ್ಚಿದ್ದರು, ಅದು ತೆರೆದದ್ದು ಬುಹಾರಿ ಇಳಿದ ಮೇಲೆ 1986ರಲ್ಲಿ. ಕಳ್ಳಸಾಗಣೆ ಎರಡೂ ಸಲ ಬದುಕಿಕೊಂಡಿತು. ಗಡಿಯ ಆಚೆ ಈಚೆ ಬೆಲೆಯಲ್ಲಿ ಅಂತರ ಇರುವವರೆಗೆ ಸಾಗಿಸುವವನಿಗೆ ಕೂಲಿ ಗಿಟ್ಟುತ್ತದೆ. ನಮ್ಮಲ್ಲಿ ಅಡಿಕೆಗೆ ಕೆ.ಜಿ.ಗೆ 351 ರೂಪಾಯಿಯ ಕನಿಷ್ಠ ಆಮದು ಬೆಲೆ 2023ರಿಂದ ಇದೆ. ಅದನ್ನು ತಪ್ಪಿಸುವ ದಾರಿ ಬಿಲ್ಲಿನಲ್ಲಿದೆ, ಬೇರೆ ಹೆಸರಿನ ಚೀಲದಲ್ಲಿದೆ. ಬೇಲಿ ಹಾಕುವುದಕ್ಕಿಂತ ಬಂದರಿನಲ್ಲಿ ಮಾದರಿ ತೆಗೆದು ನೋಡುವ, ದಾಖಲೆ ತಾಳೆ ಹಾಕುವ ಕೆಲಸಕ್ಕೆ ಒತ್ತಾಯಿಸಿ.

ಪ್ರ: ಮೂರು ಸಲ ಸೋತವರು ನಾಲ್ಕನೇ ಸಲ ಗೆದ್ದದ್ದು ಅನುಕಂಪದ ಅಲೆಯಿಂದಲೇ?
(ಭದ್ರಾವತಿಯ ಓದುಗರು)

ಉ: ಅಲೆಗಿಂತ ಲೆಕ್ಕ ದೊಡ್ಡದು. ನೈಜೀರಿಯಾದಲ್ಲಿ ಪಕ್ಷೇತರನಾಗಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತಿಲ್ಲ, ಪಕ್ಷ ಬೇಕೇ ಬೇಕು. ಅತಿ ಹೆಚ್ಚು ಮತ ಬಂದರೂ ಸಾಲದು: 36 ರಾಜ್ಯಗಳಲ್ಲಿ ಮೂರನೇ ಎರಡು ಪಾಲಿನಲ್ಲಿ, ಅಂದರೆ 24 ರಾಜ್ಯಗಳಲ್ಲಿ, ತಲಾ ಶೇ 25 ಮತವಾದರೂ ಬೀಳಬೇಕು. ಒಂದೇ ಸೀಮೆಯವರ ಬಲದಿಂದ ಯಾರೂ ದೇಶ ಆಳಬಾರದು ಎಂದು ಇಟ್ಟ ನಿಯಮ. (1979ರಲ್ಲಿ ರಾಜ್ಯಗಳು 19 ಇದ್ದವು. ಮೂರನೇ ಎರಡು ಎಂದರೆ ಹನ್ನೆರಡು ಮತ್ತು ಮೂರನೇ ಎರಡು ರಾಜ್ಯ! ರಾಜ್ಯವನ್ನು ಹೇಗೆ ತುಂಡು ಮಾಡುವುದು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೇ ಹೋಗಿ ಶಗಾರಿ ಪರವಾಗಿ ತೀರ್ಪಾಯಿತು.)

ಉತ್ತರದ ರಾಜ್ಯಗಳು 19. ಎಲ್ಲವನ್ನೂ ಬಾಚಿಕೊಂಡರೂ ಬುಹಾರಿಗೆ ಐದು ಕಡಿಮೆ ಬೀಳುತ್ತಿತ್ತು. 2003ರಲ್ಲಿ ಶೇ 32, 2007ರಲ್ಲಿ ಶೇ 19ರೊಳಗೆ, 2011ರಲ್ಲಿ ಮತ್ತೆ ಶೇ 32. 2011ರಲ್ಲಿ ಗೆದ್ದ 12 ರಾಜ್ಯಗಳೂ ಉತ್ತರದವೇ. ಮೂರು ಸಲವೂ ಕೋರ್ಟಿಗೆ ಹೋದರು. 2007ರ ಫಲಿತಾಂಶದ ಬಗ್ಗೆ ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ನಾಲ್ಕು ಮೂರರ ಅಂತರದಿಂದ ಸೋತರು. 2011ರ ಸೋಲಿನ ನಂತರ ಉತ್ತರದಲ್ಲಿ ಎದ್ದ ಗಲಭೆಯಲ್ಲಿ ನೂರಾರು ಜನ ಸತ್ತರು, ಆ ಕಲೆ ಅವರ ಹೆಸರಿಗೆ ಅಂಟಿಕೊಂಡಿತು.

2013ರ ಫೆಬ್ರವರಿಯಲ್ಲಿ ವಿರೋಧ ಪಕ್ಷಗಳು ಕೂಡಿ ಎಪಿಸಿ ಎಂಬ ಒಂದೇ ಪಕ್ಷ ಆಯಿತು. ನೈಋತ್ಯದ ಯೊರುಬಾ ನಾಡಿನ ಪಕ್ಷದ ಯಂತ್ರ ಟಿನುಬು ಕೈಯಲ್ಲಿತ್ತು, ಉತ್ತರದ ಜನಸ್ತೋಮ ಬುಹಾರಿ ಹಿಂದೆ ಇತ್ತು. ಉಪಾಧ್ಯಕ್ಷ ಸ್ಥಾನಕ್ಕೆ ಯೆಮಿ ಒಸಿನ್‌ಬಾಜೊ: ಯೊರುಬಾ, ಕಾನೂನು ಪ್ರಾಧ್ಯಾಪಕ, ಪೆಂಟಕೋಸ್ಟಲ್ ಚರ್ಚಿನ ಪಾದ್ರಿ. ಬುಹಾರಿ ಮತಾಂಧ ಎಂದು ಹೆದರಿದ ದಕ್ಷಿಣದವರಿಗೆ ಅದೇ ಜಾಮೀನು. 2015ರ ಮಾರ್ಚ್ 28ರಂದು ಉತ್ತರದ 16, ನೈಋತ್ಯದ 5, ಒಟ್ಟು 21 ರಾಜ್ಯ ಗೆದ್ದರು. ಮತ 1,54,24,921, ಆಗಿನ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಅವರಿಗೆ 1,28,53,162.

2011ಕ್ಕೆ ಹೋಲಿಸಿದರೆ ಬುಹಾರಿಗೆ ಹೆಚ್ಚಾದದ್ದು ಸುಮಾರು 32 ಲಕ್ಷ ಮತ. ಜೊನಾಥನ್ ಕಳೆದುಕೊಂಡದ್ದು ಸುಮಾರು 96 ಲಕ್ಷ! ಆ ಅಂತರದಲ್ಲಿ ಒಂದು ಪಾಲು ಆಡಳಿತದ ಮೇಲಿನ ಬೇಸರ, ಇನ್ನೊಂದು ಪಾಲು ಬೆರಳಚ್ಚು ಓದುವ ಕಾರ್ಡ್ ರೀಡರ್. ಮತಗಟ್ಟೆಯಲ್ಲಿ ಆ ಯಂತ್ರ ಬಂದಮೇಲೆ ಇಲ್ಲದ ಮತದಾರರನ್ನು ಸೃಷ್ಟಿಸುವುದು ಕಷ್ಟವಾಯಿತು. ಎಣಿಕೆ ಮುಗಿಯುವ ಮೊದಲೇ ಜೊನಾಥನ್ ಫೋನ್ ಮಾಡಿ ಸೋಲೊಪ್ಪಿಕೊಂಡರು. ಹಾಲಿ ಅಧ್ಯಕ್ಷನೊಬ್ಬ ಮತದಿಂದ ಇಳಿದದ್ದು ಆ ದೇಶದಲ್ಲಿ ಅದೇ ಮೊದಲು.

ಪ್ರ: ಮಾಜಿ ಮಂತ್ರಿಯನ್ನು ಮರದ ಪೆಟ್ಟಿಗೆಯಲ್ಲಿ ಹಾಕಿ ಲಂಡನ್ನಿನಿಂದ ಕದ್ದೊಯ್ಯಲು ಹೋಗಿದ್ದರಂತೆ. ಕಟ್ಟುಕತೆಯೇ?
(ಪ್ರೌಢಶಾಲಾ ಶಿಕ್ಷಕರು, ಕೊಪ್ಪ)

ಉ: ಅಲ್ಲ. ಶಗಾರಿ ಸರ್ಕಾರದ ಸಾರಿಗೆ ಮಂತ್ರಿ ಉಮಾರು ಡಿಕ್ಕೊ ದಂಗೆಯ ನಂತರ ಲಂಡನ್ನಿಗೆ ಓಡಿಹೋಗಿದ್ದರು. 1984ರ ಜುಲೈ 5ರಂದು ಮನೆ ಮುಂದೆಯೇ ಅವರನ್ನು ವ್ಯಾನಿಗೆ ಎಳೆದುಕೊಂಡರು. ಮತ್ತು ಬರಿಸಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಉಸಿರು ನಿಲ್ಲದಂತೆ ನೋಡಿಕೊಳ್ಳಲು ಇಸ್ರೇಲಿ ಅರಿವಳಿಕೆ ವೈದ್ಯನೊಬ್ಬನೂ ಅದೇ ಪೆಟ್ಟಿಗೆಯೊಳಗೆ. ಸ್ಟ್ಯಾನ್‌ಸ್ಟೆಡ್ ನಿಲ್ದಾಣದಲ್ಲಿ ನೈಜೀರಿಯಾದ ವಿಮಾನ ಕಾದಿತ್ತು.

ಕೆಲಸ ಕೆಟ್ಟದ್ದು ಎರಡು ಕಡೆ. ಎಳೆದೊಯ್ಯುವುದನ್ನು ಡಿಕ್ಕೊ ಅವರ ಕಾರ್ಯದರ್ಶಿ ಕಿಟಕಿಯಿಂದ ನೋಡಿ ಪೊಲೀಸರಿಗೆ ಹೇಳಿದ್ದರು. ಇನ್ನೊಂದು, ಪೆಟ್ಟಿಗೆಗೆ ರಾಯಭಾರ ಕಚೇರಿಯ ಸರಕು ಎಂಬ ಸರಿಯಾದ ಮುದ್ರೆ, ಕಾಗದ ಇರಲಿಲ್ಲ. ಇದ್ದಿದ್ದರೆ ರಾಯಭಾರಿಗಳ ಕುರಿತ ವಿಯೆನ್ನಾ ಒಪ್ಪಂದದ ಪ್ರಕಾರ ಕಸ್ಟಮ್ಸ್‌ನವರು ಮುಟ್ಟುವಂತಿರಲಿಲ್ಲ. ಮುಚ್ಚಳ ತೆಗೆದರು, ಡಿಕ್ಕೊ ಬದುಕಿದರು. ನಾಲ್ವರಿಗೆ 10ರಿಂದ 14 ವರ್ಷ ಜೈಲಾಯಿತು. ತನಗೂ ಇದಕ್ಕೂ ಸಂಬಂಧವಿಲ್ಲ ಎಂದಿತು ಬುಹಾರಿ ಸರ್ಕಾರ.

ಪ್ರ: ಶಿಸ್ತಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಸಾಲು ನಿಲ್ಲಿಸಿದವರು ಅವರು. ನಮ್ಮಲ್ಲೂ ಅಂಥವರೊಬ್ಬರು ಬರಬೇಕಲ್ಲವೇ?
(ಸೊರಬದ ಓದುಗರು)

ಉ: ಬಸ್ಸಿಗೆ ಸಾಲು ನಿಲ್ಲುವುದು ಒಳ್ಳೆಯದೇ. 1984ರ ಮಾರ್ಚಿನಲ್ಲಿ ಶುರುವಾದ ಅಶಿಸ್ತಿನ ವಿರುದ್ಧದ ಸಮರದಲ್ಲಿ ಮೊದಲ ಹಂತ ಅದು; ಆಮೇಲೆ ಕೆಲಸದ ನಿಷ್ಠೆ, ದೇಶಾಭಿಮಾನ, ಭ್ರಷ್ಟಾಚಾರ ನಿರ್ಮೂಲನೆ, ತಿಂಗಳಿಗೊಂದು ಶನಿವಾರ ಊರು ಗುಡಿಸುವುದು ಎಂದು ಬೆಳೆಯಿತು. ಸಾಲು ತಪ್ಪಿದವನ ಬೆನ್ನಿಗೆ ಸಿಪಾಯಿಯ ಚಾವಟಿ. ತಡವಾಗಿ ಬಂದ ಸರ್ಕಾರಿ ನೌಕರ ಕಚೇರಿಯ ಮುಂದೆ ಕಪ್ಪೆಯ ಹಾಗೆ ಕುಪ್ಪಳಿಸಬೇಕು.

ಆ ಚಾವಟಿಯ ಜೊತೆಗೇ ಬಂದದ್ದು ಡಿಕ್ರಿ 2, ಡಿಕ್ರಿ 4. ಎರಡನೆಯದರಲ್ಲಿ ಆರೋಪವಿಲ್ಲದೆ ಯಾರನ್ನೂ ಒಳಗಿಡಬಹುದು. ನಾಲ್ಕನೆಯದರಲ್ಲಿ ಅಧಿಕಾರಿಗೆ ಮುಜುಗರ ತರುವ ವರದಿಗೆ ಶಿಕ್ಷೆ, ವರದಿ ನಿಜವಾಗಿದ್ದರೂ ಸರಿಯೇ. ರಾಯಭಾರಿಗಳ ನೇಮಕದ ಸುದ್ದಿ ಬರೆದ ಟುಂಡೆ ಥಾಂಪ್ಸನ್, ಎನ್‌ಡುಕಾ ಇರಾಬೊರ್ ಎಂಬ ಇಬ್ಬರು ಪತ್ರಕರ್ತರು ಜೈಲಿಗೆ ಹೋದರು. ಗಾಯಕ ಫೆಲಾ ಕುಟಿ 1,600 ಪೌಂಡ್ ಹಿಡಿದು ಅಮೆರಿಕಕ್ಕೆ ಹೊರಟದ್ದಕ್ಕೆ ಐದು ವರ್ಷ ಶಿಕ್ಷೆ. ಮಾದಕವಸ್ತು ಸಾಗಿಸಿದ ಮೂವರನ್ನು, ಅಪರಾಧ ನಡೆದ ಮೇಲೆ ಬರೆದ ಕಾನೂನಿನಡಿ, 1985ರಲ್ಲಿ ಗುಂಡಿಟ್ಟು ಕೊಂದರು. ನೀವು ಕೇಳಿದ ಸಾಲು ಇವರನ್ನೆಲ್ಲ ಬಿಟ್ಟು ಒಂಟಿಯಾಗಿ ಬರಲಿಲ್ಲ, ಅದಕ್ಕೇ ಇಷ್ಟು ಹೇಳಬೇಕಾಯಿತು.

2015ರ ಚುನಾವಣೆಗೆ ಮೊದಲು ಲಂಡನ್ನಿನ ಭಾಷಣದಲ್ಲಿ ತಾನು ಪ್ರಜಾಪ್ರಭುತ್ವಕ್ಕೆ ಮತಾಂತರಗೊಂಡ ಮಾಜಿ ಸೇನಾಡಳಿತಗಾರ ಎಂದರು. ಹಳೆಯ ಜನ್ಮದ ವಾಸನೆ ಪೂರ್ತಿ ಹೋಗಲಿಲ್ಲ. 2021ರ ಜೂನಿನಲ್ಲಿ, ಅಂತರ್ಯುದ್ಧವನ್ನು ನೆನಪಿಸಿ ಎಚ್ಚರಿಕೆ ಕೊಟ್ಟ ಅವರ ಸಂದೇಶವನ್ನು ಟ್ವಿಟರ್ ಅಳಿಸಿತು. ಎರಡೇ ದಿನದಲ್ಲಿ ದೇಶದಲ್ಲಿ ಟ್ವಿಟರ್ ಬಂದ್. ಏಳು ತಿಂಗಳು ಬಂದ್. ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಜಂಟಿ ನ್ಯಾಯಾಲಯ ಅದು ಕಾನೂನುಬಾಹಿರ ಎಂದು 2022ರಲ್ಲಿ ಹೇಳಿತು.

ಪ್ರ: ಬೊಕೊ ಹರಾಮ್ ಉಗ್ರರನ್ನು ಮಿಲಿಟರಿ ಮನುಷ್ಯ ಮುಗಿಸುತ್ತಾರೆ ಎಂದು ಜನ ವೋಟು ಹಾಕಿದರಲ್ಲ, ಮುಗಿಸಿದರೇ?
(ರಿಪ್ಪನ್‌ಪೇಟೆಯ ಓದುಗರು)

ಉ: ಪಟ್ಟಣಗಳಿಂದ ಓಡಿಸಿದರು, ಮುಗಿಸಲಿಲ್ಲ. ಸೇನಾ ಕಮಾಂಡನ್ನು ರಾಜಧಾನಿ ಅಬೂಜಾದಿಂದ ಈಶಾನ್ಯದ ಮೈದುಗುರಿಗೆ ಒಯ್ದರು. 2015ರ ಕೊನೆಗೆ ತಾಂತ್ರಿಕವಾಗಿ ಗೆದ್ದಾಯಿತು ಎಂದರು; ಆ "ತಾಂತ್ರಿಕವಾಗಿ" ಎಂಬ ಪದವನ್ನು ಜನ ವರ್ಷಗಟ್ಟಲೆ ಆಡಿಕೊಂಡರು. ಸಾಂಬಿಸಾ ಕಾಡಿನ ಮುಖ್ಯ ಶಿಬಿರ 2016ರ ಡಿಸೆಂಬರಿನಲ್ಲಿ ಬಿತ್ತು. ಅಷ್ಟರಲ್ಲಿ ಗಂಡಾಂತರ ವಾಯವ್ಯಕ್ಕೆ ಜರುಗಿತ್ತು. 2020ರ ಡಿಸೆಂಬರಿನಲ್ಲಿ ಬುಹಾರಿ ರಜೆಗೆಂದು ದೌರಾದಲ್ಲಿದ್ದಾಗಲೇ, ಅವರದೇ ಕತ್ಸಿನಾ ರಾಜ್ಯದ ಕಂಕರಾದಲ್ಲಿ ಮುನ್ನೂರಕ್ಕೂ ಹೆಚ್ಚು ಶಾಲಾ ಹುಡುಗರನ್ನು ಹೊತ್ತೊಯ್ದರು. ವಾರದೊಳಗೆ ಬಿಡುಗಡೆಯಾಯಿತು.

ಪ್ರ: ಬುಹಾರಿ, ಬುಖಾರಿ, ಯಾವುದು ಸರಿ? ಮುಹಮ್ಮದ್ ಹೋಗಿ ಮುಹಮ್ಮದು ಆದದ್ದು ಹೇಗೆ?
(ಶೃಂಗೇರಿಯ ಓದುಗರು)

ಉ: ಮೂಲ ಬುಖಾರಿಯೇ, ಮಧ್ಯ ಏಷ್ಯಾದ ಬುಖಾರಾ ಊರಿನಿಂದ ಬಂದ ಹೆಸರು. ಉತ್ತರ ನೈಜೀರಿಯಾದ ಹೌಸಾ ಭಾಷೆಯವರ ಬಾಯಲ್ಲಿ ಬುಹಾರಿ. ಬಸ್ಸು, ಕಾರು, ಪೆನ್ನು ಎಂದು ನಾವು ಕೊನೆಗೊಂದು ಉಕಾರ ಅಂಟಿಸುವ ಹಾಗೆ ಹೌಸಾದವರೂ ಹೆಸರಿಗೆ ಅಂಟಿಸಿಕೊಳ್ಳುತ್ತಾರೆ. ಮುಹಮ್ಮದು, ಅಹ್ಮದು.

ಪ್ರ: ಹೆಂಡತಿಯ ಜಾಗ ಅಡುಗೆಮನೆ ಎಂದಿದ್ದರಂತೆ!
(ಗೃಹಿಣಿ, ಶಿವಮೊಗ್ಗ)

ಉ: ಎಂದಿದ್ದರು, 2016ರ ಅಕ್ಟೋಬರಿನಲ್ಲಿ, ಬರ್ಲಿನ್ನಿನಲ್ಲಿ, ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ಪಕ್ಕದಲ್ಲಿ ನಿಂತು. ಗಂಡನ ಸುತ್ತ ಇರುವವರನ್ನು ಬದಲಿಸದಿದ್ದರೆ ಮುಂದಿನ ಸಲ ಪ್ರಚಾರಕ್ಕೆ ಬರಲಾರೆ ಎಂದು ಪತ್ನಿ ಆಯಿಶಾ ಬಿಬಿಸಿಗೆ ಹೇಳಿದ್ದಕ್ಕೆ ಕೊಟ್ಟ ಉತ್ತರ ಅದು. ಮರ್ಕೆಲ್ ಮುಖ ನೋಡುವಂತಿತ್ತು.

ಪ್ರ: ಸಮವಸ್ತ್ರ ಕಳಚಿ ಚುನಾವಣೆ ಗೆದ್ದವರು ಆ ಕಡೆ ಬೇರೆ ಯಾರಿದ್ದಾರೆ?
(ಚಿಕ್ಕಮಗಳೂರಿನ ಓದುಗರು)

ಉ: ಬೆನಿನ್ನಿನ ಮ್ಯಾಥ್ಯೂ ಕೆರೆಕು 1972ರಲ್ಲಿ ದಂಗೆಯಿಂದ ಬಂದು, 1991ರಲ್ಲಿ ಚುನಾವಣೆ ಸೋತು ತೆಪ್ಪಗೆ ಮನೆಗೆ ಹೋಗಿ, 1996ರಲ್ಲಿ ಗೆದ್ದು ಮರಳಿದರು. ಮಾಲಿಯ ಅಮಾದು ತುಮಾನಿ ತುರೆ 1991ರಲ್ಲಿ ಸರ್ವಾಧಿಕಾರಿಯನ್ನು ಇಳಿಸಿ, ಮರುವರ್ಷ ಅಧಿಕಾರ ಬಿಟ್ಟುಕೊಟ್ಟು, 2002ರಲ್ಲಿ ಮತದಿಂದ ಬಂದರು. 2012ರಲ್ಲಿ ಅವರನ್ನೇ ಕಿರಿಯ ಸೈನಿಕರು ಓಡಿಸಿದರು. ಸಿಯೆರಾ ಲಿಯೋನಿನ ಬ್ರಿಗೇಡಿಯರ್ ಜೂಲಿಯಸ್ ಮಾದಾ ಬಿಯೊ 1996ರಲ್ಲಿ ಕೆಲವೇ ತಿಂಗಳು ಆಳಿ ಬಿಟ್ಟುಕೊಟ್ಟವರು, 2018ರಲ್ಲಿ ಗೆದ್ದರು. ಘಾನಾದ ಜೆರ್ರಿ ರಾಲಿಂಗ್ಸ್ ಜನರಲ್ ಅಲ್ಲ, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್. ಒಬಸಾಂಜೊ ಹೆಸರು ಮೇಲೆ ಬಂತು: 1979ರಲ್ಲಿ ತಾವಾಗಿ ಇಳಿದವರು, ಅಬಾಚಾ ಕಾಲದಲ್ಲಿ ಜೈಲು ಕಂಡು 1999ರಲ್ಲಿ ಗೆದ್ದವರು, ಆದರೆ ಮೂರನೇ ಅವಧಿಯ ಆಸೆಗೆ ಬಿದ್ದು 2006ರಲ್ಲಿ ಸೆನೆಟ್ಟಿನಲ್ಲಿ ಮುಖಭಂಗ ಅನುಭವಿಸಿದವರು. ಬುಹಾರಿ ಆ ಆಸೆಗೆ ಬೀಳಲಿಲ್ಲ.

ಪ್ರ: ಲಾಗೋಸ್‌ನಲ್ಲಿ ಕೆಲಸಕ್ಕಿದ್ದ ಮಗ ರಜೆಗೆ ಬಂದಾಗ ಹಳೆಯ 1000 ನೈರಾ ನೋಟು ಕೆಲವನ್ನು ಬೀರುವಿನಲ್ಲಿ ಬಿಟ್ಟುಹೋಗಿದ್ದಾನೆ. ಅವು ಈಗ ನಡೆಯುತ್ತವೆಯೇ?
(ವಿನೋಬನಗರ, ಶಿವಮೊಗ್ಗ)

ಉ: ನಡೆಯುತ್ತವೆ ತಾಯಿ. ವರ್ಷದ ಕೊನೆಯ ಗಡುವು ಹತ್ತಿರ ಬಂದಾಗ 2023ರ ನವೆಂಬರ್ 29ರಂದು ಸುಪ್ರೀಂ ಕೋರ್ಟ್ ಆ ಗಡುವನ್ನೇ ತೆಗೆದು, ಹಳೆಯದು ಹೊಸದು ಎರಡೂ ಮುಂದುವರಿಯಲಿ ಎಂದಿತು. 1984ಕ್ಕೂ ಹಿಂದಿನ ನೋಟಾಗಿದ್ದರೆ ಮಾತ್ರ ಸಂಗ್ರಹಕಾರರಿಗೆ ಕೊಡಬೇಕಿತ್ತು. 1000ದ ನೋಟು ಬಂದದ್ದು 2005ರಲ್ಲಿ, ಆದ್ದರಿಂದ ಆ ಭಯ ಬೇಡ. ಶಿವಮೊಗ್ಗದ ಬ್ಯಾಂಕಿನಲ್ಲಿ ಬದಲಿಸಿಕೊಡುತ್ತಾರೆ ಎಂದು ಮಳೆಯಲ್ಲಿ ಅಲೆಯಬೇಡಿ. ಮಗ ಮುಂದಿನ ಸಲ ಹೋಗುವಾಗ ಜೇಬಿಗೆ ಹಾಕಿ ಕಳಿಸಿ, ಟ್ಯಾಕ್ಸಿಗೆ ಆಗುತ್ತದೆ.